ದೆವ್ವಕ್ಕೆ ಬಿಳಿ ಸೀರೆ ಉಡಿಸೋ ಮುಂಚೆ

ಶುಕ್ರವಾರ ಸಂಜೆ 6ಕ್ಕೆ ಫೆಸ್ಟ್ ಗ್ರೂಪಿನಲ್ಲಿ ಮೆಸೇಜ್ ಬಂತು: ಶಾರ್ಟ್ ಫಿಲ್ಮ್ ಸ್ಪರ್ಧೆ, ವಿಷಯ ಹಾರರ್, 5 ನಿಮಿಷ ಮೀರಬಾರದು, ಸೋಮವಾರ ಬೆಳಿಗ್ಗೆ 9ರೊಳಗೆ ಸಬ್ಮಿಟ್ ಮಾಡಬೇಕು. ಅಂದರೆ ನಮ್ಮ ಕೈಲಿದ್ದದ್ದು 63 ಗಂಟೆ. ನಾವು ಐದು ಜನ, ಎರಡು ಫೋನು, ಒಂದು ಟ್ರೈಪಾಡ್. ನಮ್ಮಲ್ಲಿ ಒಬ್ಬನ ಊರು ಗೋಕಾಕ, ಒಬ್ಬಳದು ಹುಕ್ಕೇರಿ, ಇನ್ನೊಬ್ಬನದು ಮೂಡಲಗಿ ಹತ್ತಿರದ ಹಳ್ಳಿ. ಹೇಗೂ ವೀಕೆಂಡ್, ಊರಿಗೇ ಹೋಗಿ ಶೂಟ್ ಮಾಡೋಣ ಅಂತ ಬಸ್ ಹತ್ತಿದೆವು.

ಬಸ್ಸಲ್ಲೇ 20 ನಿಮಿಷದಲ್ಲಿ ಕಥೆ ರೆಡಿ. ಹಳೇ ಬಾವಿ, ಬಿಳಿ ಸೀರೆ, ಬಿಚ್ಚಿದ ಕೂದಲು, ಗೆಜ್ಜೆ ಸದ್ದು, ಕೊನೆಗೊಂದು ಕಿರುಚಾಟ. ಇಂಗ್ಲಿಷ್ ಮೀಡಿಯಮ್ಮಿನವರಲ್ಲವೇ, ಸ್ಕ್ರಿಪ್ಟ್ ಇಂಗ್ಲಿಷಿನಲ್ಲಿ, ದೆವ್ವದ ಡೈಲಾಗ್ ಮಾತ್ರ ಕನ್ನಡದಲ್ಲಿ. ಟೀಮಿನಲ್ಲಿ ಇದ್ದವಳು ಒಬ್ಬಳೇ ಹುಡುಗಿ. ದೆವ್ವ ಅವಳೇ ಅಂತ ಅವಳನ್ನು ಕೇಳದೆಯೇ ತೀರ್ಮಾನ ಆಗಿತ್ತು.

ಶನಿವಾರ ಬೆಳಿಗ್ಗೆ ಗೋಕಾಕ ಫಾಲ್ಸ್. ಘಟಪ್ರಭಾ ಅಲ್ಲಿ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತದೆ. ವಿಡಿಯೋ ಸೂಪರ್ ಬಂತು. ಆಡಿಯೋ ಕೇಳಿದರೆ ಬರೀ ಭೋರ್ ಅನ್ನೋ ಸದ್ದು. ಆ ಸದ್ದು ಎಲ್ಲ ಫ್ರೀಕ್ವೆನ್ಸಿಯಲ್ಲೂ ಹರಡಿಕೊಂಡಿರುತ್ತದೆ. ಮಾತು ಉಳಿಸಿ ಅದನ್ನಷ್ಟೇ ತೆಗೆಯೋದು ನಮ್ಮ ಫೋನಿನ ಆ್ಯಪ್ ಕೈಲಿ ಆಗಲಿಲ್ಲ. ಅರ್ಧ ದಿನ ಹೋಯ್ತು. ಮಧ್ಯಾಹ್ನ ಹುಕ್ಕೇರಿಗೆ ಹೋಗಿ ಆದಿಲ್‌ಶಾಹಿ ಕಾಲದ ಗುಮ್ಮಟದ ಮುಂದೆ ಟ್ರೈಪಾಡ್ ಇಟ್ಟೆವು. ದಾರೀಲಿ ಹೋಗ್ತಿದ್ದ ಅಜ್ಜ ಒಬ್ಬರು ನಿಂತು, "ಇದು ಗೋರಿ ಐತಿ ತಮ್ಮಾ, ದೆವ್ವದ ಮನಿ ಅಲ್ಲ" ಅಂದರು. ಸಾರಿ ಹೇಳಿ ಪ್ಯಾಕ್ ಮಾಡಿದೆವು.

ಭಾನುವಾರ ಬೆಳಿಗ್ಗೆ ಮೂಡಲಗಿ ಗೆಳೆಯನ ಮನೆ. ಹಿಂದೆ ಕಬ್ಬಿನ ಹೊಲ, ಹೊಲದಲ್ಲಿ ಬಾವಿ. ಸೀರೆ ಬೇಕಿತ್ತು, ಅವನ ಆಯಿಯ ಹತ್ತಿರ ಕೇಳಿದೆವು. ಯಾಕ ಅಂತ ಕೇಳಿದರು. ಕಥೆ ಹೇಳಿದೆವು. ಆಯಿ ನಗಲಿಲ್ಲ.

"ನಮ್ಮ ಓಣ್ಯಾಗ ಒಬ್ಬಾಕಿ ಹಿಂಗ ಬಾವಿಗಿ ಬಿದ್ದು ಸತ್ತಳು. ನನ್ನ ವಾರಗಿಯಾಕಿ. ಸೊಸಿಯಾಗಿ ಬಂದಾಗಿಂದ ಆಕಿ ದನಿ ಎತ್ತಿ ಮಾತಾಡಿದ್ದ ನಾ ಕೇಳಿಲ್ಲ. ಸತ್ತ ಮ್ಯಾಲೆ ಆಕಿನ್ನ ದೆವ್ವ ಅಂದ್ರು. ಈಗ ನೀವು ಆಕಿನ್ನ ಒದರಸ್ತೀರೇನು?"

ಹೇಗೆ ಬಿದ್ದರು ಅಂತ ಕೇಳಿದೆವು. "ಕಾಲ ಜಾರಿ ಬಿದ್ಲು ಅಂದ್ರು ಮನ್ಯಾಗಿನವ್ರು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಎಲ್ಲಾರೂ ಒಂದ ನಮೂನಿ ಹೇಳಿದ್ರು" ಅಂದರು.

ನಾವು ಸೀರೆ ವಾಪಸ್ ಕೊಟ್ಟೆವು.

ನಾವು ಹೇಳಬೇಕಾದ ಮಾತು ಇಷ್ಟೇ. ಡೆಡ್‌ಲೈನ್ ತಲೆ ಮೇಲೆ ಕೂತಾಗ ಮೊದಲು ಕೈಗೆ ಸಿಗೋದು ರೆಡಿಮೇಡ್ ಐಡಿಯಾ. ಹಾರರ್‌ನಲ್ಲಿ ರೆಡಿಮೇಡ್ ಅಂದರೆ ಸತ್ತ ಹೆಣ್ಣು. 'ಆಪ್ತಮಿತ್ರ' 2004ರಲ್ಲಿ ಬಂತು, ನಾವಿನ್ನೂ ಹುಟ್ಟಿರಲಿಲ್ಲ. ಆದರೂ ನಾಗವಲ್ಲಿ ಅಂದರೆ ನಮಗೆಲ್ಲ ಗೊತ್ತು. ಕಥೆಯಲ್ಲಿ ಅವಳ ಪ್ರಿಯಕರನನ್ನು ಕೊಲ್ಲಿಸಿ ಅವಳನ್ನು ಸುಟ್ಟವನು ರಾಜ. ನಾವು ಹೆದರೋದು ಮಾತ್ರ ನಾಗವಲ್ಲಿಗೆ. 'ನಾಳೆ ಬಾ' ಅಂತ ಬಾಗಿಲ ಮೇಲೆ ಬರೆದದ್ದೂ ಒಬ್ಬ ಹೆಣ್ಣು ದೆವ್ವಕ್ಕೆ ಹೆದರಿಯೇ. ವರದಕ್ಷಿಣೆ ಸಾವು ಅನ್ನೋ ಪ್ರತ್ಯೇಕ ಅಪರಾಧ ನಮ್ಮ ದಂಡ ಸಂಹಿತೆಗೆ ಸೇರಿದ್ದೇ 1986ರಲ್ಲಿ. ಅದಕ್ಕೂ ಮುಂಚಿನ ಎಷ್ಟೋ ಸೊಸೆಯಂದಿರು ಊರ ಬಾಯಲ್ಲಿ ದೆವ್ವವಾಗಿ ಮಾತ್ರ ಉಳಿದಿದ್ದಾರೆ.

"ಅಯ್ಯೋ, ಹಾರರ್ ಇರೋದೇ ಮಜಾಕ್ಕೆ, ಇಷ್ಟೊಂದು ಸೀರಿಯಸ್ ಯಾಕೆ?" ಅಂತ ನಮ್ಮಲ್ಲೇ ಒಬ್ಬ ಕೇಳಿದ. ಪ್ರಶ್ನೆ ಸರಿಯಾದದ್ದೇ. ಹೆದರಿಸಬಾರದು ಅಂತ ನಾವೂ ಹೇಳ್ತಿಲ್ಲ. ಯಾರಿಗೆ ಹೆದರಬೇಕು ಅಂತ ತೋರಿಸೋದು ನಮ್ಮ ಕೈಲಿದೆ ಅಂತಷ್ಟೇ ಹೇಳ್ತಿರೋದು.

ಆಯಿಯ ಒಪ್ಪಿಗೆ ಕೇಳಿ, ಊರು ಹೆಸರು ಏನೂ ಇಲ್ಲದ ಹಾಗೆ ಹೊಸ ಕಥೆ ಮಾಡಿದೆವು. ಈ ಸಲ ನೇರ ಕನ್ನಡದಲ್ಲಿ, ಮೂಡಲಗಿ ಮಾತಿನಲ್ಲೇ. ಟೈಪ್ ಮಾಡೋದು ನಮಗಿನ್ನೂ ನಿಧಾನ, ಹಾಗಾಗಿ ಗೆಳೆಯ ಹೇಳ್ತಾ ಹೋದ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆವು. ಸಿನಿಮಾ ಇಷ್ಟೇ: ಒಂದು ಮನೆ. ಮನೆಯವರು ಒಬ್ಬೊಬ್ಬರಾಗಿ ಹೊಸ್ತಿಲಲ್ಲಿ ನಿಂತು, ಒಂದೇ ದನಿಯಲ್ಲಿ "ಕಾಲ ಜಾರಿ ಬಿದ್ಲು" ಅಂತಾರೆ. ಕೊನೆಗೆ ಮನೆಯ ಪುಟ್ಟ ಮಗುವೂ ಅದನ್ನೇ ಹೇಳುತ್ತದೆ. ದೆವ್ವ ಇಲ್ಲ, ಗೆಜ್ಜೆ ಇಲ್ಲ, ಮ್ಯೂಸಿಕ್ ಇಲ್ಲ. ದೂರದಲ್ಲಿ ಪಂಪ್‌ಸೆಟ್ ಸದ್ದು ಮಾತ್ರ. ನಮ್ಮ ಹುಡುಗಿ ಈ ಸಲ ಕ್ಯಾಮೆರಾ ಹಿಡಿದಳು. ರಾತ್ರಿ ಎಡಿಟ್ ಮಾಡ್ತಾ ಹೆಡ್‌ಫೋನಿನಲ್ಲಿ ಮಗುವಿನ ಆ ಮಾತು ಕೇಳಿದಾಗ ಬಾತ್‌ರೂಮಿಗೆ ಒಬ್ಬರೇ ಹೋಗೋಕೆ ನಮಗೇ ಧೈರ್ಯ ಬರಲಿಲ್ಲ.

ಸೋಮವಾರ 8:47ಕ್ಕೆ ಅಪ್‌ಲೋಡ್ ಆಯ್ತು. ಬಹುಮಾನ ಬರಲಿಲ್ಲ. "ಚೆನ್ನಾಗಿದೆ, ಆದರೆ ದೆವ್ವ ಎಲ್ಲಿ?" ಅಂತ ಒಬ್ಬರು ಜಡ್ಜ್ ಕೇಳಿದರು. ಹೊಸ್ತಿಲಲ್ಲೇ ನಿಂತಿದ್ದರಲ್ಲ ಸರ್ ಅಂತ ಹೇಳಬೇಕಿತ್ತು, ಆಗ ಹೊಳೆಯಲಿಲ್ಲ.

ಮುಂದಿನ ವರ್ಷ ಮಾಡೋ ಜೂನಿಯರ್‌ಗಳೇ, 63 ಗಂಟೆಯಲ್ಲಿ ಒಂದು ಗಂಟೆ ತೆಗೆದಿಟ್ಟು ನಿಮ್ಮ ಮನೆಯ ಆಯಿ, ಅಜ್ಜಿ, ಅಮ್ಮನ ಹತ್ತಿರ ಕೂತು ಊರಿನ ದೆವ್ವದ ಕಥೆ ಕೇಳಿ. ಕೇಳಿ ಮುಗಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ಆಕೆ ಬದುಕಿದ್ದಾಗ ಏನಾಗಿತ್ತು?