ಸಿರುಗುಪ್ಪದ ಹೊಳೆಯ ದಾರಿ

ರಜೆಯ ದಿನಗಳು ಸಮೀಪಿಸಿದಂತೆಲ್ಲ, ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಬೇಕೆಂಬ ಪ್ರಶ್ನೆಯು ಮನೆಮನೆಯಲ್ಲಿಯೂ ಏಳುವುದು ಸಹಜವೇ. ನಮ್ಮ ಮನೆಯಲ್ಲಾದರೋ ಆ ಪ್ರಶ್ನೆಗೆ ಎಡೆಯೇ ಇರಲಿಲ್ಲ. ದಸರೆಯ ರಜೆ ಬಂದಿತೆಂದರೆ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವುದು, ಹೊಳೆಯ ದಂಡೆಯಲ್ಲಿ ಬುತ್ತಿ ಬಿಚ್ಚಿ ಉಣ್ಣುವುದು, ಮರಳುವಾಗ ಕುರುಗೋಡಿನ ದೊಡ್ಡ ಬಸವಣ್ಣನಿಗೆ ಕೈಮುಗಿದು ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವುದು; ಇದೇ ವರ್ಷವರ್ಷದ ಪದ್ಧತಿ. ಉದಕಮಂಡಲದ ಹೆಸರನ್ನು ನಾವು ಭೂಗೋಲದ ಪುಸ್ತಕದಲ್ಲಿ ಓದಿದ್ದೆವು, ಅಷ್ಟೆ.

ಬಳ್ಳಾರಿಯಲ್ಲಿ ಬೆಳೆದ ಮಕ್ಕಳಿಗೆ ಹೊಳೆಯೆಂದರೆ ಏನೆಂಬುದನ್ನು ಹೊರಗಿನವರು ಊಹಿಸಲಾರರು. ಊರ ನಡುವೆ ಕೋಟೆಯನ್ನು ಹೊತ್ತು ನಿಂತಿರುವ ಬಂಡೆಯ ಗುಡ್ಡವು ಹಗಲೆಲ್ಲ ಕಾದು ಇರುಳೆಲ್ಲ ಬಿಸಿಯುಸಿರು ಬಿಡುತ್ತದೆ. ಪೂರ್ವಕ್ಕಿರುವ ಹಗರಿಯು ಹೆಸರಿಗೆ ನದಿಯಾದರೂ ವರ್ಷದ ಬಹುಭಾಗ ಮರಳಿನ ಹಾಸಿಗೆಯೇ ಸರಿ. ನಮ್ಮ ತಾಯಿಯ ತವರು ಸಿರುಗುಪ್ಪ. ತುಂಗಭದ್ರೆಯ ನೀರಿನಲ್ಲಿ ಬೆಳೆದ ಆಕೆ, ಮದುವೆಯಾಗಿ ಬಂದ ಮೇಲೆ ಬಳ್ಳಾರಿಯ ಬಾವಿಯ ನೀರಿನಲ್ಲಿ ಬೇಳೆ ಬೇಯುವುದಿಲ್ಲವೆಂದು ಮೊದಲ ದಿನ ಹೇಳಿದ ಮಾತನ್ನು ಮೊಮ್ಮಕ್ಕಳಾಗುವವರೆಗೂ ಹೇಳುತ್ತಲೇ ಇದ್ದಳು.

1960ರ ದಶಕದ ಮಧ್ಯಭಾಗವದು. ತಂದೆಯವರೂ ದೊಡ್ಡಪ್ಪನವರೂ ಪಾಲಿನಲ್ಲಿ ಕೊಂಡ ಹಳೆಯ ಲ್ಯಾಂಡ್‌ಮಾಸ್ಟರ್ ಕಾರೊಂದಿತ್ತು. ಹಿರಿಯರು ನಾಲ್ವರು, ಮಕ್ಕಳು ಐವರು. ಇದರ ಮೇಲೆ ರೊಟ್ಟಿಯ ಗಂಟು, ಎಣ್ಣೆಗಾಯಿಯ ಡಬರಿ, ಮೊಸರನ್ನದ ಪಾತ್ರೆ, ಮಂಡಾಳಿನ ಒಗ್ಗರಣೆ, ಎರಡು ಕೊಡ ನೀರು. ಆ ನೀರು ನಮಗಲ್ಲ, ಕಾರಿಗೆ! ಹತ್ತು ಮೈಲಿಗೊಮ್ಮೆ ಅದಕ್ಕೆ ದಾಹವಾಗುತ್ತಿತ್ತು. ದೊಡ್ಡಪ್ಪನವರು ಬಾನೆಟ್ಟು ಎತ್ತಿ, ಆವಿಯಡಗುವವರೆಗೆ ಜಾಲಿಯ ನೆರಳಿನಲ್ಲಿ ಕುಳಿತು ಬೀಡಿ ಸೇದುವರು. ನಾವು ಎರೆಹೊಲದ ಬದುವಿನಲ್ಲಿ ಹತ್ತಿಯ ಹಳದಿ ಹೂಗಳನ್ನು ಎಣಿಸುವೆವು. ಸುಮಾರು 35 ಮೈಲಿಯ ದಾರಿಗೆ ಮೂರು ತಾಸು ಹಿಡಿದರೂ ಯಾರಿಗೂ ಬೇಸರವಿರಲಿಲ್ಲ. ಸಿರುಗುಪ್ಪ ಹತ್ತಿರವಾದಂತೆ ಕರಿಯ ನೆಲವು ಹಸುರಿಗೆ ತಿರುಗಿ, ಭತ್ತದ ಗದ್ದೆಗಳ ಮೇಲಿಂದ ತಂಗಾಳಿ ಬರುವುದು. ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ಅಲ್ಲಿ ನೀರುಣಿಸುತ್ತಿವೆ. ಆ ಗಾಳಿ ಮುಖಕ್ಕೆ ತಾಗಿದೊಡನೆ ತಾಯಿಯು ಸೆರಗನ್ನು ಸರಿಮಾಡಿಕೊಂಡು ನೆಟ್ಟಗೆ ಕುಳಿತುಕೊಳ್ಳುತ್ತಿದ್ದಳು. ಅಲ್ಲಿಂದ ಮುಂದೆ ಯಜಮಾನಿಕೆಯೆಲ್ಲ ಆಕೆಯದೇ.

ನಾವು ಇಳಿಯುತ್ತಿದ್ದುದು ಸಿರುಗುಪ್ಪದ ಸಮೀಪದ ಕೆಂಚನಗುಡ್ಡದಲ್ಲಿ. ಅಲ್ಲಿ ಹೊಳೆಯು ಬಂಡೆಗಳ ನಡುವೆ ಹರಿದು ಬರುತ್ತದೆ. ದಂಡೆಯ ಮೇಲೆ ಶ್ರೀ ವಸುಧೇಂದ್ರತೀರ್ಥರ ಬೃಂದಾವನವಿದೆ. ನೀರಿಗಿಳಿಯುವ ಮುನ್ನ ತಾಯಿಯು ನಮ್ಮನ್ನು ಸಾಲಾಗಿ ನಿಲ್ಲಿಸಿ ಪಾಠ ಹೇಳುವಳು: “ಹೊಳಿ ಬರೋ ಮೊದಲು ಹೇಳಿ ಕಳಸ್ತೈತಿ. ಮೊದಲು ನೀರು ಕೆಂಪಗಾಗ್ತೈತಿ, ಆಮ್ಯಾಲೆ ನೊರಿ, ಆಮ್ಯಾಲೆ ಕಸಕಡ್ಡಿ. ತಿಳಿನೀರಿದ್ದರ ಅಂಜಬ್ಯಾಡ್ರಿ.” ಇದು ಆಕೆ ತನ್ನ ಅಜ್ಜಿಯಿಂದ ಕಲಿತುದು. ನಮಗೂ ಬಾಯಿಪಾಠವಾಗಿತ್ತು.

ನನಗಾಗ 9 ವರ್ಷ, ತಮ್ಮನಿಗೆ 6. ಊಟವಾದ ಮೇಲೆ ನಾವಿಬ್ಬರೂ ಹಿಮ್ಮಡಿಯಷ್ಟು ನೀರನ್ನು ದಾಟಿ, ಒಂದು ಚಪ್ಪಟೆ ಬಂಡೆಯ ಮೇಲೆ ಕುಳಿತು ಹೊಳಪಿನ ಕಲ್ಲುಗಳನ್ನು ಆಯುತ್ತಿದ್ದೆವು. ತಂದೆಯವರು ದಂಡೆಯಿಂದ ಹಿಂದಕ್ಕೆ ಕರೆದರು. “ನೀರು ತಿಳಿ ಐತಿ, ಆಡಲಿ ಬಿಡ್ರಿ,” ಎಂದು ತಾಯಿ ತಡೆದಳು. ಆಕಾಶದಲ್ಲಿ ಮೋಡವಿಲ್ಲ, ನೀರಿನಲ್ಲಿ ಕೆಂಪಿಲ್ಲ. ಬಂಡೆಯ ಕೆಳಮೆಟ್ಟಿಲಲ್ಲಿ ಕಲ್ಲು ತೊಳೆಯಲೆಂದು ಹಿತ್ತಾಳೆಯ ಲೋಟವನ್ನಿಟ್ಟಿದ್ದೆ. ತಿರುಗಿ ನೋಡುತ್ತೇನೆ, ಲೋಟವೂ ಇಲ್ಲ, ಮೆಟ್ಟಿಲೂ ಇಲ್ಲ!

ಅಷ್ಟರಲ್ಲಿ ಹರಿಗೋಲನ್ನು ಬೋರಲು ಹಾಕಿ ಮಲಗಿದ್ದ ಮುದುಕ ಅಂಬಿಗನೊಬ್ಬನು ಎದ್ದು ಕೂಗಿದನು: “ಏ ತಾಯೀ, ಕೂಸುಗಳನ್ನ ಕರೀರಿ! ಡ್ಯಾಮಿನ ನೀರು ಬಿಟ್ಟಾರ!” ಕೂಗುತ್ತಲೇ ನೀರಿಗಿಳಿದನು. ಹೋಗುವಾಗ ಆತನ ಮೊಳಕಾಲಿಗಿದ್ದ ನೀರು, ತಮ್ಮನನ್ನು ಹೆಗಲಿಗೇರಿಸಿ ನನ್ನ ಕೈಹಿಡಿದು ಮರಳುವಾಗ ಆತನ ಸೊಂಟ ಮುಟ್ಟಿತ್ತು. ನಡುವೆ ನನ್ನ ಕಾಲು ಜಾರಿತು. ಕೈ ತಪ್ಪಿದೊಡನೆ ಆತನು ಜಡೆಯನ್ನು ಹಿಡಿದೆಳೆದನು. ಆ ನೋವು ಈಗಲೂ ನೆನಪಿದೆ, ಮುಳುಗಿದುದರ ನೆನಪಿಲ್ಲ. ಎದುರಿಗೆ ತಾಯಿ ಸೀರೆಯುಟ್ಟಂತೆಯೇ ಸೊಂಟದುದ್ದ ನೀರಿನಲ್ಲಿ ನಿಂತಿದ್ದಳು. ಬಾಯಿ ತೆರೆದಿತ್ತು, ಧ್ವನಿ ಹೊರಡುತ್ತಿರಲಿಲ್ಲ. ಹೊಳೆಯ ನೀರು ಆಗಲೂ ಕನ್ನಡಿಯಂತೆ ತಿಳಿಯಾಗಿಯೇ ಇದ್ದಿತು.

“ನಿನ್ನೇನ ಡಂಗುರ ಸಾರ್‍ಯಾರಲ್ಲ, ಕೇಳಿಲ್ಲೇನ್ರಿ?” ಎಂದು ಅಂಬಿಗನು ಕೇಳಿದನು. ಹಳ್ಳಿಗಳಲ್ಲಿ ಸಾರಿದ ಡಂಗುರವು ಬಳ್ಳಾರಿಯಿಂದ ಬಂದ ನಮಗೆ ಕೇಳುವುದೆಂತು?

ಇದರ ಕಾರಣವು ನನಗೆ ದೊಡ್ಡವಳಾದ ಮೇಲೆ ತಿಳಿಯಿತು. ಹೊಸಪೇಟೆಯ ಬಳಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟು 1953ರಲ್ಲಿ ನೀರು ತಡೆಯಿತಷ್ಟೆ. ಮಲೆನಾಡಿನಿಂದ ಬರುವ ಕೆಮ್ಮಣ್ಣು ಆ ಜಲಾಶಯದ ತಳದಲ್ಲಿಯೇ ಬಹುಮಟ್ಟಿಗೆ ಕೂತುಬಿಡುತ್ತದೆ. ಜಲಾಶಯ ತುಂಬಿ ಬಾಗಿಲೆತ್ತಿದಾಗ ಕೆಳಗೆ ಬರುವುದು ತಿಳಿನೀರು. ತಾಯಿಯ ಅಜ್ಜಿ ಕಂಡ ಹೊಳೆಯು ಹೇಳಿ ಕಳುಹಿಸುತ್ತಿದ್ದುದು ನಿಜ. ಈ ಹೊಳೆಗೆ ಆ ಭಾಷೆ ಮರೆತುಹೋಗಿತ್ತು.

ಮರಳುವ ದಾರಿಯಲ್ಲಿ ಎಂದಿನಂತೆ ಕುರುಗೋಡಿಗೆ ತಿರುಗಿದೆವು. 12ನೆಯ ಶತಮಾನದಲ್ಲಿ ಸಿಂದರು ಆಳಿದ ಊರದು. ಗುಡ್ಡದ ಸಾಲಿನ ಮೇಲೆ ಸಂಜೆಯ ಬಿಸಿಲು ಕೆಂಪಾಗಿ ಬಿದ್ದಿತ್ತು. ಪ್ರತಿವರ್ಷ ನಾವು ಆ ಬೃಹತ್ ಬಸವಣ್ಣನ ಸುತ್ತ ಓಡಿ ಬೈಸಿಕೊಳ್ಳುತ್ತಿದ್ದೆವು. ಅಂದು ಯಾರೂ ಓಡಲಿಲ್ಲ, ಯಾರೂ ಬೈಯಲಿಲ್ಲ. ತಂದೆಯವರು ಮುಂಗೋಪಿಗಳು. ಮನೆಗೆ ಹೋದ ಮೇಲೆ ರಂಪವಾದೀತೆಂದು ನಾವು ಹೆದರಿದ್ದೆವು. ಅವರು ತಾಯಿಯ ಒದ್ದೆ ಸೆರಗನ್ನು ನೋಡಿ, “ಶೀತ ಆದೀತು, ಕಾರಿನಾಗ ಕೂಡು,” ಎಂದರು, ಅಷ್ಟೆ. ಕಾರಿನಲ್ಲಿ ಬಹಳ ಹೊತ್ತಿನ ಮೇಲೆ ತಾಯಿ ತನ್ನಷ್ಟಕ್ಕೆಂಬಂತೆ ಹೇಳಿದಳು: “ಅದು ನನ್ನ ಹೊಳಿ ಅಲ್ಲ ಬಿಡ್ರಿ.”

2024ರ ಆಗಸ್ಟ್ 10ರ ರಾತ್ರಿ ಆ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ವಾರದೊಳಗೆ ತಾತ್ಕಾಲಿಕ ಬಾಗಿಲನ್ನಿಳಿಸಿ ನೀರನ್ನು ತಡೆದರೆಂಬುದನ್ನು ವಾಚಕರು ಬಲ್ಲರು. ಹೊಳೆಸಾಲಿನ ಊರುಗಳಿಗೆ ಎಚ್ಚರಿಕೆ ಕೊಟ್ಟರೆಂಬ ಸುದ್ದಿಯನ್ನು ಓದುತ್ತಿದ್ದಾಗ ನನ್ನ ಕೈ ತಾನಾಗಿಯೇ ಜಡೆಯಿದ್ದೆಡೆಗೆ ಹೋಯಿತು.

ಆ ಪ್ರವಾಸವು ಅಲ್ಲಿಗೇ ನಿಂತಿರಬೇಕೆಂದು ನೀವು ಎಣಿಸಬಹುದು. ನಿಲ್ಲಲಿಲ್ಲ. ಮರುವರ್ಷವೂ ದಸರೆಗೆ ಕಾರು ಹೊರಟಿತು, ಹೊರಡಿಸಿದವರು ತಂದೆಯವರೇ. ಕೆಂಚನಗುಡ್ಡದಲ್ಲಿ ಇಳಿದೊಡನೆ ತಾಯಿ ನಮ್ಮನ್ನು ಸಾಲಾಗಿ ನಿಲ್ಲಿಸಲಿಲ್ಲ. ಅಂಬಿಗನಿಗಾಗಿ ತಂದಿದ್ದ ಪಂಚೆಯನ್ನೂ ರೊಟ್ಟಿಯ ಗಂಟನ್ನೂ ಎತ್ತಿಕೊಂಡು ಹರಿಗೋಲಿನ ಬಳಿಗೆ ಹೋಗಿ, “ಯಪ್ಪಾ, ಇವತ್ತು ಇಳೀಬಹುದೇನು?” ಎಂದು ಕೇಳಿದಳು.