ಅದೇ 14 ಅಂಕ, ಎರಡು ಅಂತ್ಯ: ಆರಂಭದ ಅಬ್ಬರ ಉಳಿಯುವುದು ಯಾವಾಗ?

ಬಂಟ್ವಾಳ: ಐಪಿಎಲ್ ಆರಂಭವಾಗಿ ಮೂರು ವಾರ ಕಳೆಯುವಷ್ಟರಲ್ಲಿ ಬಿ.ಸಿ.ರೋಡಿನ ಬಸ್ ನಿಲ್ದಾಣದಿಂದ ಹಿಡಿದು ಬೆಳ್ತಂಗಡಿ, ಮೂಡುಬಿದಿರೆಯ ಹೋಟೆಲುಗಳವರೆಗೆ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ. ರಾಯಲ್ ಚಾಲೆಂಜರ್ಸ್ ಗೆಲ್ಲುತ್ತಿದ್ದರೆ, 'ಇದು ಎಷ್ಟು ದಿನ?' ಸೋಲುತ್ತಿದ್ದರೆ, 'ನಾವು ಮೊದಲೇ ಹೇಳಿರಲಿಲ್ಲವೇ?' ಹದಿನೇಳು ವರ್ಷ ಕಪ್ ಕಾಣದ ಅಭಿಮಾನಿಗೆ ಗೆಲುವನ್ನೂ ಅನುಮಾನದಿಂದಲೇ ನೋಡುವ ಅಭ್ಯಾಸ ಬೆಳೆದಿದ್ದರೆ ಅಚ್ಚರಿಯೇನಿಲ್ಲ.

ಆದರೆ ಈ ಅನುಮಾನಕ್ಕೆ ಉತ್ತರ ಹುಡುಕಲು ಜ್ಯೋತಿಷ್ಯದ ಮೊರೆ ಹೋಗಬೇಕಾಗಿಲ್ಲ. ಒಂದೇ ತಂಡದ ಎರಡು ಋತುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು. 2020ರಲ್ಲಿ ಆರ್‌ಸಿಬಿ ಮೊದಲ 10 ಪಂದ್ಯಗಳಲ್ಲಿ 7ನ್ನು ಗೆದ್ದು 14 ಅಂಕ ಗಳಿಸಿತ್ತು. 2025ರಲ್ಲಿಯೂ ಮೊದಲ 10 ಪಂದ್ಯಗಳಲ್ಲಿ 7 ಗೆಲುವು, ಅದೇ 14 ಅಂಕ. ಮೊದಲನೆಯ ತಂಡ ಆ ಬಳಿಕ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಎರಡನೆಯ ತಂಡ ಜೂನ್ 3ರಂದು ಅಹಮದಾಬಾದಿನಲ್ಲಿ ಕಪ್ ಎತ್ತಿತು. ಅಂಕಪಟ್ಟಿಯಲ್ಲಿ ಒಂದೇ ರೀತಿ ಕಂಡ ಈ ಎರಡು ಆರಂಭಗಳ ನಡುವಿನ ವ್ಯತ್ಯಾಸ ಏನು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ಮೂವರ ಹೆಗಲ ಮೇಲಿನ ತಂಡ

2020ರ ಐಪಿಎಲ್ ಕೊರೊನಾ ಕಾರಣದಿಂದ ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ನಡೆಯಿತು. ಅಕ್ಟೋಬರ್ 21ರಂದು ಅಬುಧಾಬಿಯಲ್ಲಿ ಮೊಹಮ್ಮದ್ ಸಿರಾಜ್ 8 ರನ್‌ಗಳಿಗೆ 3 ವಿಕೆಟ್ ಕಿತ್ತು, ಕೋಲ್ಕತಾ ತಂಡವನ್ನು 84 ರನ್‌ಗಳಿಗೆ ಕಟ್ಟಿಹಾಕಿದಾಗ ಈ ಬಾರಿ ಕಪ್ ತಪ್ಪದು ಎಂದೇ ಅಭಿಮಾನಿಗಳು ಭಾವಿಸಿದ್ದರು. ಅಂದಿನ ಗೆಲುವುಗಳು ಅದೃಷ್ಟದಿಂದ ಬಂದವೂ ಆಗಿರಲಿಲ್ಲ. ಚೆನ್ನೈ ವಿರುದ್ಧ 37 ರನ್, ಕೋಲ್ಕತಾ ವಿರುದ್ಧ 82 ರನ್‌ಗಳ ಗೆಲುವು ಸಣ್ಣದೇನಲ್ಲ.

ಆದರೆ ರನ್ ಎಲ್ಲಿಂದ ಬರುತ್ತಿತ್ತು? ಆ ಋತುವಿನಲ್ಲಿ ದೇವದತ್ತ ಪಡಿಕ್ಕಲ್ 473, ವಿರಾಟ್ ಕೊಹ್ಲಿ 466, ಎ.ಬಿ. ಡಿವಿಲಿಯರ್ಸ್ 454 ರನ್ ಗಳಿಸಿದರು. ಅವರ ನಂತರದ ಸ್ಥಾನದಲ್ಲಿದ್ದ ಆ್ಯರನ್ ಫಿಂಚ್ ಅವರದು 268 ರನ್ ಮಾತ್ರ. ಮೂವರು ಆಡಿದರೆ ತಂಡ ಆಡಿದಂತೆ, ಮೂವರು ನಿಂತರೆ ತಂಡ ನಿಂತಂತೆ ಎಂಬ ಸ್ಥಿತಿ. ಋತುವಿನ ಕೊನೆಗೆ ಆದದ್ದೂ ಅದೇ. ಚೆನ್ನೈ ವಿರುದ್ಧ 145, ಮುಂಬೈ ವಿರುದ್ಧ 164, ಹೈದರಾಬಾದ್ ವಿರುದ್ಧ 120, ದೆಹಲಿ ವಿರುದ್ಧ 152, ಬಳಿಕ ಎಲಿಮಿನೇಟರ್‌ನಲ್ಲಿ ಮತ್ತೆ ಹೈದರಾಬಾದ್ ವಿರುದ್ಧ 131. ಸತತ ಐದು ಪಂದ್ಯಗಳಲ್ಲಿ ಒಮ್ಮೆಯೂ 165 ರನ್ ದಾಟಲಾಗಲಿಲ್ಲ, ಐದರಲ್ಲೂ ಸೋಲು. ವೇಗಿ, ಆಲ್‌ರೌಂಡರ್ ಕ್ರಿಸ್ ಮಾರಿಸ್ ಗಾಯದಿಂದಾಗಿ ಎಲಿಮಿನೇಟರ್‌ಗೆ ಲಭ್ಯರಿರಲಿಲ್ಲ. ಅವರ ಸ್ಥಾನವನ್ನು ಸಮನಾಗಿ ತುಂಬಬಲ್ಲವರು ತಂಡದಲ್ಲಿರಲಿಲ್ಲ.

ಇಲ್ಲಿ ಇನ್ನೊಂದು ಅಂಶವನ್ನೂ ಮರೆಯುವಂತಿಲ್ಲ. ಕೊನೆಯ ನಾಲ್ಕು ಲೀಗ್ ಪಂದ್ಯಗಳನ್ನು ಸೋತರೂ ಆ ತಂಡ ಪ್ಲೇಆಫ್ ತಲುಪಿತು. ಕೋಲ್ಕತಾ ಕೂಡ 14 ಅಂಕಗಳಲ್ಲೇ ನಿಂತಿದ್ದು, ರನ್ ಸರಾಸರಿಯ ಆಧಾರದಲ್ಲಿ ಆರ್‌ಸಿಬಿಗೆ ನಾಲ್ಕನೆಯ ಸ್ಥಾನ ದೊರೆಯಿತು. ಅಂದರೆ ಆರಂಭದ ಗೆಲುವು ವ್ಯರ್ಥವಾಗಲಿಲ್ಲ. ಆದರೆ ಅದು ಕೊಟ್ಟದ್ದು ಪ್ಲೇಆಫ್‌ನ ಬಾಗಿಲವರೆಗಿನ ದಾರಿಯನ್ನು ಮಾತ್ರ.

2021: ಬಿಡುವು ತಂದ ಪರೀಕ್ಷೆ

ಮರುವರ್ಷ ಆರ್‌ಸಿಬಿ ಮೊದಲ ನಾಲ್ಕು ಪಂದ್ಯಗಳನ್ನೂ ಗೆದ್ದಿತು. ರಾಜಸ್ಥಾನ ವಿರುದ್ಧ ಪಡಿಕ್ಕಲ್ ಅಜೇಯ ಶತಕದ ನೆರವಿನಿಂದ ದೊರೆತದ್ದು 10 ವಿಕೆಟ್‌ಗಳ ಗೆಲುವು. ಮೇ ತಿಂಗಳಲ್ಲಿ ಕೊರೊನಾದಿಂದಾಗಿ ಪಂದ್ಯಾವಳಿ ಸ್ಥಗಿತಗೊಂಡಾಗ ತಂಡ 7ರಲ್ಲಿ 5 ಗೆದ್ದಿತ್ತು. ಸೆಪ್ಟೆಂಬರ್‌ನಲ್ಲಿ ಮತ್ತೆ ಆಟ ಶುರುವಾದಾಗ ಮೊದಲ ಪಂದ್ಯದಲ್ಲೇ 92 ರನ್‌ಗಳಿಗೆ ಆಲೌಟ್. ನಂತರ ಚೇತರಿಸಿಕೊಂಡು 18 ಅಂಕಗಳೊಂದಿಗೆ ಮೂರನೆಯ ಸ್ಥಾನ ಪಡೆದರೂ ಶಾರ್ಜಾದಲ್ಲಿ ಕೋಲ್ಕತಾ ವಿರುದ್ಧದ ಎಲಿಮಿನೇಟರ್‌ನಲ್ಲಿ ಪಯಣ ಮುಗಿಯಿತು. ಹರ್ಷಲ್ ಪಟೇಲ್ ಆ ಋತುವಿನಲ್ಲಿ 32 ವಿಕೆಟ್ ಪಡೆದು ಒಂದು ಐಪಿಎಲ್ ಋತುವಿನ ದಾಖಲೆಯನ್ನು ಸರಿಗಟ್ಟಿದ್ದರು. ಒಬ್ಬನ ಸಾಧನೆ ಎಷ್ಟೇ ದೊಡ್ಡದಿದ್ದರೂ ಅದು ತಂಡದ ಕೊರತೆಯನ್ನು ಪೂರ್ತಿ ಮುಚ್ಚಲಾರದು ಎಂಬುದಕ್ಕೆ ಇದು ಇನ್ನೊಂದು ನಿದರ್ಶನ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಗಳೂ ಇದೇ ತಂಡದಲ್ಲಿವೆ. 2016ರಲ್ಲಿ ಮೊದಲ 7ರಲ್ಲಿ ಕೇವಲ 2 ಗೆದ್ದ ತಂಡ ಫೈನಲ್ ತಲುಪಿತು. 2024ರಲ್ಲಿ ಮೊದಲ 8ರಲ್ಲಿ 7 ಸೋತ ತಂಡ ಸತತ 6 ಗೆದ್ದು ಪ್ಲೇಆಫ್‌ಗೆ ಬಂತು. ಹಾಗಾಗಿ ಏಪ್ರಿಲ್ ತಿಂಗಳ ಅಂಕಪಟ್ಟಿಯನ್ನೇ ನೆಚ್ಚಿ ಮೇ ತಿಂಗಳ ಭವಿಷ್ಯ ನುಡಿಯುವುದು ಯಾವ ರೀತಿಯಿಂದಲೂ ಸರಿಯಲ್ಲ.

ಹೊಸದಾಗಿ ಕಟ್ಟಿದ ಮನೆ

2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ನಡೆದ ಹರಾಜಿಗೆ ಮುನ್ನ ಆರ್‌ಸಿಬಿ ಉಳಿಸಿಕೊಂಡದ್ದು ಮೂವರನ್ನು ಮಾತ್ರ: ಕೊಹ್ಲಿ, ರಜತ್ ಪಾಟೀದಾರ್ ಮತ್ತು ಯಶ್ ದಯಾಳ್. ನಾಯಕ ಫಾಫ್ ಡು ಪ್ಲೆಸಿ, ಮ್ಯಾಕ್ಸ್‌ವೆಲ್, ಸಿರಾಜ್ ಎಲ್ಲರೂ ಹೊರಗೆ. ಕನ್ನಡಿಗ ಕೆ.ಎಲ್. ರಾಹುಲ್ ತಂಡಕ್ಕೆ ಬರುವರೆಂಬ ನಿರೀಕ್ಷೆಯೂ ಹುಸಿಯಾಯಿತು. ಅವರನ್ನು ದೆಹಲಿ 14 ಕೋಟಿ ರೂ.ಗೆ ಪಡೆಯಿತು. ಅಭಿಮಾನಿಗಳು ಕಿಡಿಕಾರಿದರು.

ಆದರೆ ಹಣ ಹಂಚಿದ ರೀತಿಯಲ್ಲೇ ಉತ್ತರವಿತ್ತು. ಹೇಜಲ್‌ವುಡ್‌ಗೆ 12.50 ಕೋಟಿ, ಫಿಲ್ ಸಾಲ್ಟ್‌ಗೆ 11.50 ಕೋಟಿ, ಜಿತೇಶ್ ಶರ್ಮಾಗೆ 11 ಕೋಟಿ, ಭುವನೇಶ್ವರ್ ಕುಮಾರ್‌ಗೆ 10.75 ಕೋಟಿ, ಕೃಣಾಲ್ ಪಾಂಡ್ಯಗೆ 5.75 ಕೋಟಿ, ಟಿಮ್ ಡೇವಿಡ್‌ಗೆ 3 ಕೋಟಿ, ರೊಮಾರಿಯೊ ಶೆಫರ್ಡ್‌ಗೆ 1.50 ಕೋಟಿ ರೂ. ಒಬ್ಬ ತಾರೆಗೆ ಥೈಲಿ ಸುರಿಯುವ ಬದಲು ಪ್ರತಿಯೊಂದು ಕೆಲಸಕ್ಕೂ ಒಬ್ಬ ಆಳನ್ನು ಹುಡುಕಲಾಗಿತ್ತು. 2025ರ ಫೆಬ್ರವರಿಯಲ್ಲಿ ಪಾಟೀದಾರ್ ನಾಯಕರಾದರು.

ಫಲ ಬೇಗನೆ ಕಂಡಿತು. ಮಾರ್ಚ್ 22ರಂದು ಈಡನ್ ಗಾರ್ಡನ್ಸ್‌ನಲ್ಲಿ ಕೋಲ್ಕತಾ ವಿರುದ್ಧ ಗೆಲುವು. ಮಾರ್ಚ್ 28ರಂದು ಚೆಪಾಕ್‌ನಲ್ಲಿ ಚೆನ್ನೈ ವಿರುದ್ಧ 50 ರನ್‌ಗಳ ಜಯ. 2008ರ ನಂತರ ಆ ಅಂಗಳದಲ್ಲಿ ಚೆನ್ನೈಯನ್ನು ಮಣಿಸಿದ್ದು ಅದೇ ಮೊದಲು. ಏಪ್ರಿಲ್ 7ರಂದು ವಾಂಖೆಡೆಯಲ್ಲಿ ಮುಂಬೈ ವಿರುದ್ಧ 12 ರನ್‌ಗಳ ಗೆಲುವು.

ಮನೆಯಲ್ಲಿ ಸೋಲು, ಹೊರಗೆ ಗೆಲುವು

ವಿಪರ್ಯಾಸವೆಂದರೆ ಇದೇ ಹೊತ್ತಿಗೆ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಡಿದ ಮೊದಲ ಮೂರೂ ಪಂದ್ಯಗಳನ್ನು ತಂಡ ಸೋತಿತು. ಏಪ್ರಿಲ್ 2ರಂದು ಗುಜರಾತ್ ಪರ ಆಡಿದ ಸಿರಾಜ್ ಹಳೆಯ ತಂಡದ ಮೂರು ವಿಕೆಟ್ ಕಿತ್ತರು. ಏಪ್ರಿಲ್ 10ರಂದು, ಸುರತ್ಕಲ್‌ನಲ್ಲಿ ಬೆಳೆದ ನಮ್ಮ ಕರಾವಳಿಯ ರಾಹುಲ್ ದೆಹಲಿ ಪರ ಅಜೇಯ 93 ರನ್ ಹೊಡೆದು ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದರು. 'ಕಾಂತಾರ' ಚಿತ್ರದಿಂದ ಬಂದ ಆ ಸಂಜ್ಞೆ ತುಳುನಾಡಿನ ವೀಕ್ಷಕರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ನಮ್ಮ ಹುಡುಗ ಗೆದ್ದ, ನಮ್ಮ ತಂಡ ಸೋತಿತು. ಅಂದು ರಾತ್ರಿ ಸಂತೋಷಪಡಬೇಕೋ ದುಃಖಪಡಬೇಕೋ ತಿಳಿಯದವರು ಈ ಮೂರು ತಾಲೂಕುಗಳಲ್ಲಿ ಕಡಿಮೆಯಿರಲಾರರು.

ಅಂದು ಬಹುತೇಕರು ಈ ಸೋಲುಗಳನ್ನು ಅಪಶಕುನವೆಂದೇ ಓದಿದರು. ಆದರೆ ಸೋಲಿಗೆ ಒಂದೇ ಸ್ಥಳ, ಗೆಲುವಿಗೆ ಹಲವು ಸ್ಥಳ ಎಂಬುದು ವಾಸ್ತವವಾಗಿ ಶುಭಸೂಚನೆಯಾಗಿತ್ತು. ಕಂಬಳ ಬಲ್ಲವರಿಗೆ ಈ ಮಾತು ಬೇಗ ಅರ್ಥವಾದೀತು. ಮೂಡುಬಿದಿರೆಯ ಕೋಟಿ-ಚೆನ್ನಯ, ವೇಣೂರಿನ ಸೂರ್ಯ-ಚಂದ್ರ, ಕಾಕ್ಯಪದವಿನ ಸತ್ಯ-ಧರ್ಮ ಕರೆಗಳು ಒಂದೇ ಋತುವಿನಲ್ಲಿ ಬಂದರೂ ಒಂದರ ಕೆಸರು, ನೀರು ಇನ್ನೊಂದರಂತಿರುವುದಿಲ್ಲ. ಒಂದೇ ಕರೆಯಲ್ಲಿ ಗೆಲ್ಲುವ ಜೋಡಿಗಿಂತ ಬೇರೆಬೇರೆ ಕರೆಗಳಲ್ಲಿ ಗೆಲ್ಲುವ ಜೋಡಿಯ ಮೇಲೆ ಭರವಸೆ ಹೆಚ್ಚು. ಕೋಲ್ಕತಾ, ಚೆನ್ನೈ, ಮುಂಬೈ, ಜೈಪುರ, ಮುಲ್ಲನ್‌ಪುರ, ದೆಹಲಿ, ಲಖನೌ ಹೀಗೆ ಎದುರಾಳಿಗಳ ಅಂಗಳದಲ್ಲಿ ಆಡಿದ ಏಳಕ್ಕೆ ಏಳು ಪಂದ್ಯಗಳನ್ನೂ ಆರ್‌ಸಿಬಿ ಆ ವರ್ಷ ಗೆದ್ದಿತು. ನಾಕೌಟ್ ಪಂದ್ಯಗಳು ಹೇಗೂ ತವರಿನಲ್ಲಿ ನಡೆಯುವಂತಿರಲಿಲ್ಲ.

ಒಂಬತ್ತು ಪಂದ್ಯಶ್ರೇಷ್ಠರು

ಎರಡನೆಯ ವ್ಯತ್ಯಾಸ ಇನ್ನೂ ಮಹತ್ವದ್ದು. 2025ರ ಋತುವಿನಲ್ಲಿ ಆರ್‌ಸಿಬಿಯ ಒಂಬತ್ತು ಮಂದಿ ಪಂದ್ಯಶ್ರೇಷ್ಠ ಪ್ರಶಸ್ತಿ ಪಡೆದರು: ಕೃಣಾಲ್, ಪಾಟೀದಾರ್, ಸಾಲ್ಟ್, ಕೊಹ್ಲಿ, ಹೇಜಲ್‌ವುಡ್, ಶೆಫರ್ಡ್, ಜಿತೇಶ್, ಸುಯಶ್ ಶರ್ಮಾ ಹಾಗೂ ಸೋತ ಪಂದ್ಯವೊಂದರಲ್ಲಿ ಟಿಮ್ ಡೇವಿಡ್. ಕೊಹ್ಲಿ 657 ರನ್ ಗಳಿಸಿದ್ದು ನಿಜ. ಆದರೆ ಅವರು ಬೇಗ ಔಟಾದ ದಿನ ತಂಡವೂ ಮಡಚಿಕೊಳ್ಳಬೇಕೆಂಬ ನಿಯಮ ಈಗ ಉಳಿದಿರಲಿಲ್ಲ.

ಹಳೆಯ ಆರ್‌ಸಿಬಿಯ ಶಾಪವೆನಿಸಿದ್ದ ಕೊನೆಯ ಓವರುಗಳ ಬೌಲಿಂಗ್ ಕೂಡ ಬದಲಾಗಿತ್ತು. ಮುಂಬೈಗೆ ಕೊನೆಯ ಓವರಿನಲ್ಲಿ 19 ರನ್ ಬೇಕಿದ್ದಾಗ ಕೃಣಾಲ್ ಮೂರು ವಿಕೆಟ್ ಕಿತ್ತರು. ಏಪ್ರಿಲ್ 24ರಂದು ರಾಜಸ್ಥಾನಕ್ಕೆ 12 ಎಸೆತಗಳಲ್ಲಿ 18 ರನ್ ಸಾಕಿತ್ತು. ಹೇಜಲ್‌ವುಡ್ ಹತ್ತೊಂಬತ್ತನೆಯ ಓವರಿನಲ್ಲಿ ಒಂದೇ ರನ್ ಕೊಟ್ಟು ಎರಡು ವಿಕೆಟ್ ಪಡೆದರು. ಮೇ 3ರಂದು ಚೆನ್ನೈಗೆ ಕೊನೆಯ ಓವರಿನಲ್ಲಿ ಬೇಕಿದ್ದ 15 ರನ್‌ಗಳನ್ನು ಯಶ್ ದಯಾಳ್ ಬಿಟ್ಟುಕೊಡಲಿಲ್ಲ. ಮೂರು ಪಂದ್ಯ, ಮೂವರು ಬೌಲರ್‌ಗಳು.

ಗಾಯದ ದಿನಗಳು

ಮೇ 9ರಂದು ಗಡಿಯ ಉದ್ವಿಗ್ನತೆಯಿಂದಾಗಿ ಐಪಿಎಲ್ ಸ್ಥಗಿತಗೊಂಡಾಗ 2021ರ ನೆನಪು ಮರುಕಳಿಸಿತು. ಮೇ 17ರಂದು ಆಟ ಮರಳಿದರೆ ಮಳೆಯಿಂದ ಪಂದ್ಯ ರದ್ದು. ಮೇ 23ರಂದು ಹೈದರಾಬಾದ್ ವಿರುದ್ಧ 42 ರನ್‌ಗಳ ಸೋಲು. ಪಡಿಕ್ಕಲ್ ಗಾಯಾಳು, ಹೇಜಲ್‌ವುಡ್‌ಗೆ ಭುಜದ ನೋವು, ನಾಯಕ ಪಾಟೀದಾರ್ ಬೆರಳಿಗೆ ಪೆಟ್ಟು, ಜೇಕಬ್ ಬೆಥೆಲ್ ಇಂಗ್ಲೆಂಡ್ ತಂಡದ ಕರೆಯ ಮೇರೆಗೆ ವಾಪಸ್. 2020ರ ತಂಡ ಕುಸಿದದ್ದು ಇಂಥದೇ ಹಂತದಲ್ಲಿ.

ನಿಜವಾದ ಪರೀಕ್ಷೆ ಮೇ 27ರಂದು ಲಖನೌದಲ್ಲಿ ನಡೆಯಿತು. ಎದುರಿಗಿದ್ದ ಗುರಿ 228. ಹಂಗಾಮಿ ನಾಯಕ ಜಿತೇಶ್ 33 ಎಸೆತಗಳಲ್ಲಿ ಅಜೇಯ 85 ಹೊಡೆದರು. ಪಡಿಕ್ಕಲ್ ಸ್ಥಾನಕ್ಕೆ ಋತುವಿನ ನಡುವೆ ಬಂದ ಕನ್ನಡಿಗ ಮಯಂಕ್ ಅಗರವಾಲ್ ಅಜೇಯ 41 ರನ್‌ಗಳೊಂದಿಗೆ ಜತೆ ನೀಡಿದರು. ಆ ಗೆಲುವಿನಿಂದ ತಂಡಕ್ಕೆ ಮೊದಲೆರಡು ಸ್ಥಾನಗಳಲ್ಲೊಂದು ದೊರೆಯಿತು. ಹರಾಜಿನಲ್ಲಿ ಯಾರೂ ಕೊಳ್ಳದ ಆಟಗಾರ, ನಾಯಕನಲ್ಲದ ನಾಯಕ, ಇವರಿಬ್ಬರು ಸೇರಿ ಋತುವನ್ನು ಉಳಿಸಿದರು ಎಂದರೆ ಅತಿಶಯೋಕ್ತಿಯಲ್ಲ. ಕ್ವಾಲಿಫೈಯರ್‌ಗೆ ಹೇಜಲ್‌ವುಡ್ ಮರಳಿ ಬಂದರು. ಪಂಜಾಬ್ 101 ರನ್‌ಗಳಿಗೆ ಆಲೌಟಾಯಿತು.

ಅದೃಷ್ಟದ ಪಾಲೂ ಇದೆ

ಇಷ್ಟೆಲ್ಲ ಹೇಳಿದ ಮೇಲೂ ಒಂದು ಸತ್ಯವನ್ನು ಒಪ್ಪಲೇಬೇಕು. ಚೆನ್ನೈ ವಿರುದ್ಧ ಗೆದ್ದದ್ದು 2 ರನ್‌ಗಳಿಂದ. ಫೈನಲ್ ಗೆದ್ದದ್ದು 6 ರನ್‌ಗಳಿಂದ. 2009ರ ಫೈನಲ್‌ನಲ್ಲಿ ಅನಿಲ್ ಕುಂಬ್ಳೆ ನಾಯಕತ್ವದ ಆರ್‌ಸಿಬಿ ಡೆಕ್ಕನ್ ಚಾರ್ಜರ್ಸ್ ಎದುರು ಸೋತದ್ದೂ ಇದೇ 6 ರನ್‌ಗಳಿಂದಲೇ. ಹಿಂದಿನ ವರ್ಷ ಏಳನೆಯ ಸ್ಥಾನದಲ್ಲಿದ್ದ ತಂಡ ಅಂದು ಫೈನಲ್ ತಲುಪಿತ್ತು. ಅದು ಕೆಟ್ಟ ತಂಡವೇನಾಗಿರಲಿಲ್ಲ. ಚೆನ್ನಾಗಿ ಕಟ್ಟಿದ ತಂಡ ತನ್ನ ಅವಕಾಶವನ್ನು ಹೆಚ್ಚಿಸಿಕೊಳ್ಳಬಹುದೇ ಹೊರತು ಕಪ್ಪನ್ನು ಖಾತರಿ ಮಾಡಿಕೊಳ್ಳಲಾಗದು.

ಆದ್ದರಿಂದ ಮುಂದಿನ ಯಾವುದೇ ಋತುವಿನಲ್ಲಿ, ಯಾವುದೇ ತಂಡದ ಆರಂಭಿಕ ಅಬ್ಬರವನ್ನು ಕಂಡಾಗ ಅಂಕಗಳನ್ನು ಎಣಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳುವುದು ಒಳಿತು. ಗೆಲುವು ಎಷ್ಟು ಮಂದಿಯ ಕೈಯಿಂದ ಬಂತು? ಎಷ್ಟು ಬಗೆಯ ಅಂಗಳಗಳಲ್ಲಿ ಬಂತು? ಮುಖ್ಯ ಆಟಗಾರ ಹೊರಗುಳಿದ ದಿನ ಯಾರು ಆಡಿದರು? 2020ರ ಅಕ್ಟೋಬರ್‌ನಲ್ಲಿ ಈ ಪ್ರಶ್ನೆಗಳನ್ನು ಕೇಳಿದ್ದರೆ ಉತ್ತರ ನಿರಾಶಾದಾಯಕವಾಗಿರುತ್ತಿತ್ತು. 2025ರ ಏಪ್ರಿಲ್ ಕೊನೆಯಲ್ಲಿ ಕೇಳಿದ್ದರೆ, ಮೂರನೆಯದನ್ನು ಬಿಟ್ಟು ಉಳಿದೆರಡಕ್ಕೆ ಉತ್ತರ ಸಿದ್ಧವಿತ್ತು. ಮೂರನೆಯದಕ್ಕೆ ಲಖನೌ ಉತ್ತರ ಕೊಟ್ಟಿತು.

ಕಪ್ ಬಂದ ಮರುದಿನ, ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಹದಿನೆಂಟು ವರ್ಷ ತಡೆಹಿಡಿದ ನಿರೀಕ್ಷೆ ಒಂದೇ ದಿನ ಬೀದಿಗಿಳಿದಿತ್ತು. ಅದನ್ನು ನೆನೆಯದೆ ಆ ಗೆಲುವಿನ ಲೆಕ್ಕ ಪೂರ್ತಿಯಾಗದು. ಆಟವನ್ನು ಪ್ರೀತಿಸುವವರು ಅದನ್ನು ಅಳೆದು ನೋಡುವುದನ್ನೂ ಕಲಿಯಬೇಕಾಗಿದೆ. ಗೆದ್ದಾಗ ಮೈಮರೆಯದೆ, ಸೋತಾಗ ಬೈಯದೆ ಕುಳಿತು ನೋಡುವವನಿಗೆ ಏಪ್ರಿಲ್‌ನ ಗೆಲುವು ಮೇ ತಿಂಗಳಲ್ಲಿ ಉಳಿದೀತೇ ಎಂಬುದು ಅರ್ಧದಷ್ಟಾದರೂ ಮೊದಲೇ ತಿಳಿಯುತ್ತದೆ. ಉಳಿದರ್ಧವನ್ನು ಕೊನೆಯ ಓವರಿಗೆ ಬಿಡಬೇಕಷ್ಟೆ.