ಪಟ್ಟಿ ಕಾಯುವವರು

ಮುಂಬಯಿಯಲ್ಲಿ ಬಡವನಿಗೆ ಮನೆ ಕೊಡುವವರು ಯಾರು? ಪತ್ರಿಕೆಯ ಚಿತ್ರದಲ್ಲಿ ಬೀಗದಕೈ ನೀಡುತ್ತಿರುವ ಮಂತ್ರಿಗಳೇ? ನಕ್ಷೆ ಬರೆದ ಇಂಜಿನಿಯರರೇ? ಗುತ್ತಿಗೆ ಹಿಡಿದು ಕಟ್ಟಿದ ಬಿಲ್ಡರುಗಳೇ? ಇವರೆಲ್ಲರ ಪಾಲೂ ಅದರಲ್ಲಿದೆ. ಆದರೆ ಸರಕಾರಿ ಮನೆ ಇಂಥವರಿಗೇ ಸೇರಬೇಕೆಂಬುದು ತೀರ್ಮಾನವಾಗುವುದು ಒಂದು ಪಟ್ಟಿಯಲ್ಲಿ. ಆ ಪಟ್ಟಿಯ ಸಾಲನ್ನು ಬರೆಯುವವನು, ಕಾಗದಗಳೊಡನೆ ತಾಳೆ ನೋಡುವವನು, ವರ್ಷಗಟ್ಟಲೆ ಅದನ್ನು ಕಾಪಾಡುವವನು ಗುಮಾಸ್ತ. ಗೃಹನಿರ್ಮಾಣದ ಕುರಿತು ನಾವು ನಡೆಸುವ ಚರ್ಚೆಗಳಲ್ಲೆಲ್ಲ ಜಮೀನು, ಎಫ್‌ಎಸ್‌ಐ, ಬಿಲ್ಡರುಗಳ ಲಾಭ ಇವುಗಳದೇ ಮಾತು. ಗುಮಾಸ್ತನ ಮೇಜು ನೆನಪಾಗುವುದು ಲಂಚದ ಪ್ರಸ್ತಾಪ ಬಂದಾಗ ಮಾತ್ರ. ಆ ಮೇಜನ್ನು ಬರಿಯ ಖರ್ಚಿನ ಬಾಬತ್ತೆಂದು ಎಣಿಸಿ ತಾತ್ಕಾಲಿಕ ಕೈಗಳಿಗೆ ಒಪ್ಪಿಸುತ್ತ ಹೋದರೆ ಪೆಟ್ಟು ಬೀಳುವುದು ಕಾಗದಪತ್ರಗಳ ಬಲವಿಲ್ಲದವರಿಗೆ, ಅವರಲ್ಲೂ ಬೇರೆ ಭಾಷೆಯ ನಾಡಿನಿಂದ ಬಂದವರಿಗೆ ಎಂಬುದು ನನ್ನ ವಾದ.

ನಾವೆಲ್ಲ ಮ್ಹಾಡಾ ಎಂದು ಕರೆಯುವ ಮಹಾರಾಷ್ಟ್ರ ಗೃಹನಿರ್ಮಾಣ ಮತ್ತು ಕ್ಷೇತ್ರವಿಕಾಸ ಪ್ರಾಧಿಕಾರ 1976ರ ಕಾಯ್ದೆಯ ಮೇರೆಗೆ 1977ರ ಡಿಸೆಂಬರಿನಲ್ಲಿ ಅಸ್ತಿತ್ವಕ್ಕೆ ಬಂತು. ಬಾಂದ್ರಾ ಪೂರ್ವದ ಗೃಹನಿರ್ಮಾಣ ಭವನ ಅದರ ಮುಖ್ಯ ಕಚೇರಿ. ಹಳೆಯ ಗೃಹನಿರ್ಮಾಣ ಮಂಡಳಿಯ ವಸಾಹತುಗಳೂ, ದ್ವೀಪನಗರದ ಜೀರ್ಣ ಕಟ್ಟಡಗಳ ದುರಸ್ತಿಗಾಗಿ ಹುಟ್ಟಿದ್ದ ಮಂಡಳಿಯ ಹೊಣೆಯೂ ಅದಕ್ಕೆ ಬಂದವು. ಅಂದರೆ ಅದು ಹುಟ್ಟಿದ ದಿನವೇ ಅದರ ಹೆಗಲ ಮೇಲೆ ಇತರರು ಬರೆದಿಟ್ಟ ಕಡತಗಳ ಭಾರವಿತ್ತು. ಕಟ್ಟಡದ ಆಯುಷ್ಯ ಐವತ್ತು ಅರುವತ್ತು ವರ್ಷವಾದರೆ, ಅದರಲ್ಲಿ ಬಾಳಿದವರ ಹಕ್ಕಿನ ಕಡತದ ಆಯುಷ್ಯ ಅದಕ್ಕಿಂತ ದೊಡ್ಡದು.

ದುರಸ್ತಿ ಮಂಡಳಿಯ 'ಮಾಸ್ಟರ್ ಲಿಸ್ಟ್' ಎಂಬುದನ್ನು ನೋಡಿ. ಗಿರಗಾಂವ್, ಕಾಮಾಠಿಪುರ, ಲಾಲ್‌ಬಾಗ್‌ಗಳಂಥ ಕಡೆ ಹಳೆಯ ಕಟ್ಟಡವೊಂದು ಕುಸಿದರೆ ಅಥವಾ ಅಪಾಯಕಾರಿಯೆಂದು ತೆರವಾದರೆ ಅಲ್ಲಿಯ ಬಾಡಿಗೆದಾರರನ್ನು ಟ್ರಾನ್ಸಿಟ್ ಕ್ಯಾಂಪಿಗೆ ಕಳುಹಿಸುತ್ತಾರೆ. ಜಾಗ ಕಿರಿದಾಗಿಯೋ ರಸ್ತೆಗೆ ಮೀಸಲಾಗಿಯೋ ಆ ಕಟ್ಟಡ ಮತ್ತೆ ಏಳುವಂತಿಲ್ಲದಿದ್ದರೆ ಅವರ ಹೆಸರು ಈ ಪಟ್ಟಿಗೆ ಸೇರಬೇಕು. ಬೇರೆಡೆ ಮನೆ ಒದಗಿದಾಗ ಪಟ್ಟಿಯ ಪ್ರಕಾರ ಹಂಚಿಕೆಯಾಗಬೇಕು. ಹೀಗೆ ಕಾದವರಲ್ಲಿ ದಶಕಗಳನ್ನೇ ಕಳೆದವರಿದ್ದಾರೆ. ಮೂಲ ಬಾಡಿಗೆದಾರ ತೀರಿಕೊಂಡಿರುತ್ತಾನೆ, ಮಕ್ಕಳು ಚದುರಿರುತ್ತಾರೆ, ಮಾಲಿಕನ ಕೊಟ್ಟ ಬಾಡಿಗೆ ರಸೀದಿ ಹಳದಿಗಟ್ಟಿ ಮಡಿಕೆಗಳಲ್ಲಿ ಹರಿದಿರುತ್ತದೆ. ಆ ರಸೀದಿ, ತೆರವಿನ ನೋಟೀಸು, ರೇಶನ್ ಕಾರ್ಡು, ಮತದಾರರ ಯಾದಿ, ಮರಣಪತ್ರ ಇಷ್ಟನ್ನೂ ಒಂದರ ಪಕ್ಕ ಒಂದಿಟ್ಟು ಇವು ಒಂದೇ ಮನೆತನದ ಕಥೆ ಹೇಳುತ್ತಿವೆ ಎಂದು ಮೊದಲು ಬರೆಯಬೇಕಾದವನು ಗುಮಾಸ್ತ. ಮೇಲಿನ ಅಧಿಕಾರಿ ಸಹಿ ಮಾಡುವುದು ಆ ಟಿಪ್ಪಣಿಯ ಕೆಳಗೆ.

ಗಿರಣಿ ಕಾರ್ಮಿಕರ ಮನೆಗಳ ವಿಷಯವೂ ಹೀಗೆಯೇ. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಿದ್ದರು. ಗಿರಣಿಗಳು ಮುಚ್ಚಿ, ಆ ನೆಲದ ಮೇಲೆ ಗಾಜಿನ ಗೋಪುರಗಳು ಎದ್ದ ಎಷ್ಟೋ ಕಾಲದ ಮೇಲೆ ಕಾರ್ಮಿಕರಿಗೂ ವಾರಸುದಾರರಿಗೂ ಮನೆ ಕೊಡುವ ಯೋಜನೆ ಮ್ಹಾಡಾದ ಪಾಲಿಗೆ ಬಂತು. 2012ರಲ್ಲಿ ಮೊದಲ ಲಾಟರಿ ನಡೆಯಿತು. ಅರ್ಜಿಗಳು ಒಂದೂವರೆ ಲಕ್ಷವನ್ನು ಮೀರಿದವು. ಅರ್ಜಿದಾರ ಸಾಬೀತುಪಡಿಸಬೇಕಾದದ್ದು ಒಂದೇ ಸಂಗತಿ: 1982ರ ಜನವರಿ 1ರಂದು ಅಥವಾ ಅನಂತರ ತಾನು, ಅಥವಾ ತನ್ನ ತಂದೆ, ಇಂಥ ಗಿರಣಿಯಲ್ಲಿ ದುಡಿಯುತ್ತಿದ್ದ ಎಂಬುದು. ಅದಕ್ಕೆ ಬೇಕಾದ ಕಾಗದ ಗಿರಣಿಯ ಗುರುತುಚೀಟಿಯಾಗಿರಬಹುದು, ಇಎಸ್‌ಐ ಕಾರ್ಡಾಗಿರಬಹುದು, ಭವಿಷ್ಯನಿಧಿಯ ಚೀಟಿಯಾಗಿರಬಹುದು. ಗಿರಣಿಯ ಭೋಂಗಾ ನಿಂತು ಹೋದ ಮೇಲೂ ಅದರ ಟಿಕೆಟ್ ನಂಬರಿಗೆ ಬೆಲೆ ಬಂದದ್ದು ಹೀಗೆ.

ಇಲ್ಲಿ ನಮ್ಮವರ ತೊಡಕು ಶುರುವಾಗುತ್ತದೆ. ಈ ನಗರದ ಗಿರಣಿಗಳಲ್ಲಿ, ಹೋಟೆಲುಗಳಲ್ಲಿ, ಬಂದರಿನಲ್ಲಿ, ಕಟ್ಟಡದ ಕೆಲಸದಲ್ಲಿ ಕನ್ನಡ ನಾಡಿನವರು ತಲೆಮಾರುಗಳಿಂದ ದುಡಿದಿದ್ದಾರೆ. ಅವರ ಹೆಸರುಗಳು ಈ ಊರಿನ ಅರ್ಜಿಯ ಮೂರು ಚೌಕಗಳಿಗೆ ಹೊಂದುವುದಿಲ್ಲ. ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬುದು ಮರಾಠಿಯ ಕ್ರಮ. ಹಳೆಯ ಮೈಸೂರಿನವನಿಗೆ ಅಡ್ಡಹೆಸರೇ ಇಲ್ಲ. ಊರಿನದೊಂದು, ತಂದೆಯದೊಂದು ಮೊದಲಕ್ಷರ ಮಾತ್ರ. ಅಳಿಯಸಂತಾನದ ಕರಾವಳಿಯ ಮನೆಗಳಲ್ಲಿ ತಾಯಿಯ ಕಡೆಯ ಮನೆತನವೇ ಮುಖ್ಯವಾದ್ದರಿಂದ ತಂದೆಯ ಉಪನಾಮ ಒಂದು, ಮಗನದು ಇನ್ನೊಂದು ಆಗಿರುವುದುಂಟು. ದೇವನಾಗರಿಯಲ್ಲಿ ಬರೆಯುವ ಮರಾಠಿಗೆ ನಮ್ಮ ಹ್ರಸ್ವ ಎ, ಒ ಬೇರೆಯಾಗಿ ಇಲ್ಲ; ಹೀಗಾಗಿ ಹೊಸಮನಿ ಹೋಸಮನಿಯಾಗುತ್ತಾನೆ, ಮಲ್ಲಪ್ಪ ಒಂದು ಕಾಗದದಲ್ಲಿ ಮಲಪ್ಪ, ಇನ್ನೊಂದರಲ್ಲಿ ಮಲ್ಲಾಪಾ. ಇಂಗ್ಲಿಷಿಗೆ ಇಳಿದಾಗ ಪೂಜಾರಿ ಎಂಬ ಒಂದೇ ಉಪನಾಮ ಎರಡು ಮೂರು ವೇಷ ತೊಡುತ್ತದೆ. ಮನೆಯಲ್ಲಿ ಇದು ನಗುವ ವಿಷಯ. ವಾರಸುದಾರನ ಅರ್ಜಿಯಲ್ಲಿ ಇದು ಇಬ್ಬರು ಬೇರೆ ಬೇರೆ ಮನುಷ್ಯರೆಂಬುದಕ್ಕೆ ಸಾಕ್ಷಿ.

ಈ ಎರಡು ಹೆಸರು ಒಬ್ಬನದೇ ಎಂದು ಯಾವ ಯಂತ್ರ ಹೇಳೀತು? ಈಗ ಮ್ಹಾಡಾದ ಲಾಟರಿಯ ಅರ್ಜಿ, ದಾಖಲೆ, ಹಣ ಎಲ್ಲವೂ ಗಣಕಯಂತ್ರದ ಮೂಲಕ. 2023ರಿಂದ ಬಂದ ಹೊಸ ಪದ್ಧತಿಯಲ್ಲಿ ಆಧಾರ್, ಪ್ಯಾನ್, ಆದಾಯದ ಪುರಾವೆ, ವಾಸ್ತವ್ಯದ ಪ್ರಮಾಣಪತ್ರಗಳನ್ನು ಲಾಟರಿಗೆ ಮೊದಲೇ ಒಪ್ಪಿಸಿ ಪರಿಶೀಲನೆ ಮುಗಿಸಬೇಕು. ಇದರಿಂದ ಲಾಭವಾಗಿಲ್ಲವೆಂದು ಹೇಳಲಾರೆ. ಕಿಟಕಿಯ ಮುಂದಿನ ಸರದಿ ಕರಗಿತು. ಅರ್ಜಿ ಸೇರಿದ ತಾರೀಖನ್ನು ಯಾರೂ ಅಲ್ಲಗಳೆಯುವಂತಿಲ್ಲ. ದಲ್ಲಾಳಿಯ ಜಾಗ ಕಿರಿದಾಯಿತು. ಆದರೆ ಯಂತ್ರಕ್ಕೆ ಗೊತ್ತಿರುವುದು ಹೊಂದಿತು, ಹೊಂದಲಿಲ್ಲ ಎಂಬ ಎರಡೇ ಉತ್ತರ. ಏಕೆ ಹೊಂದಲಿಲ್ಲ ಎಂದು ಕೇಳುವ ಕುತೂಹಲ ಅದಕ್ಕಿಲ್ಲ. ಆ ಪ್ರಶ್ನೆ ಕೇಳಲು ಅನುಭವವಿರುವ ಮನುಷ್ಯ ಬೇಕು.

ಆ ಮನುಷ್ಯನೇ ಕಚೇರಿಗಳಿಂದ ಮರೆಯಾಗುತ್ತಿದ್ದಾನೆ. ನಿವೃತ್ತರ ಜಾಗ ಖಾಲಿ ಉಳಿಯುವುದು, ಅಲ್ಲಿಗೆ ಏಜೆನ್ಸಿಯ ಮೂಲಕ ಹನ್ನೊಂದು ತಿಂಗಳ ಹುಡುಗ ಬರುವುದು ಇಂದು ಕೇಂದ್ರ, ರಾಜ್ಯ ಎಂಬ ಭೇದವಿಲ್ಲದೆ ಕಾಣುವ ನೋಟ. ಕೇಂದ್ರ ಸರಕಾರದ ನೌಕರಿಯಲ್ಲಿ ಕಡತಗಳ ನಡುವೆಯೇ ಇರುವ ನನಗೂ ಇದು ದಿನನಿತ್ಯದ ದೃಶ್ಯ. ಹೊರಗುತ್ತಿಗೆಯ ಏಜೆನ್ಸಿಗಳ ಮೂಲಕ ನೌಕರರನ್ನು ಪಡೆಯುವ ಆದೇಶವೊಂದನ್ನು ಮಹಾರಾಷ್ಟ್ರ ಸರಕಾರ 2023ರಲ್ಲಿ ಹೊರಡಿಸಿ, ವಿರೋಧ ಬಲವಾದಾಗ ಅಕ್ಟೋಬರಿನಲ್ಲಿ ಹಿಂದೆಗೆದುಕೊಂಡಿತು. ಆ ಚರ್ಚೆಯಲ್ಲಿ ಮುಂದೆ ನಿಂತದ್ದು ನಿರುದ್ಯೋಗಿಗಳ ಹಕ್ಕು, ಅದು ನ್ಯಾಯವೇ. ಕಡತದ ಇನ್ನೊಂದು ತುದಿಯಲ್ಲಿರುವವನ ಹಕ್ಕಿನ ಮಾತು ಅಷ್ಟಾಗಿ ಕೇಳಿಬರಲಿಲ್ಲ. ಹನ್ನೊಂದು ತಿಂಗಳಿಗೆ ಬಂದ ಹುಡುಗ ದಡ್ಡನಲ್ಲ, ಸೋಮಾರಿಯೂ ಅಲ್ಲ. ಆದರೆ ಮೂವತ್ತು ವರ್ಷದ ಪಟ್ಟಿಯ ನೆನಪು ಅವನಲ್ಲಿ ಬೆಳೆಯಲು ಅವಕಾಶವೇ ಇಲ್ಲ. ಸಂಶಯ ಬಂದ ಅರ್ಜಿಯನ್ನು ಅಂಗೀಕರಿಸಿದರೆ ನಾಳೆ ವಿಚಾರಣೆ, ತಿರಸ್ಕರಿಸಿದರೆ ಏನೂ ಇಲ್ಲ. ನೌಕರಿಯ ಭದ್ರತೆಯಿಲ್ಲದವನು ಯಾವುದನ್ನು ಆರಿಸಿಕೊಂಡಾನು?

ಗುಮಾಸ್ತನನ್ನು ಕುರಿತು ಸಾಹಿತ್ಯ ನಮಗೆ ಕಲಿಸಿದ್ದು ನಗುವುದನ್ನು, ಇಲ್ಲವೇ ಮರುಗುವುದನ್ನು. ಗೊಗೊಲ್‌ನ 'ಓವರ್‌ಕೋಟ್'ನ ನಕಲುಗಾರ ನಮ್ಮ ಕರುಣೆಗೆ ಪಾತ್ರ. ಡಿಕನ್ಸ್ 'ಲಿಟಲ್ ಡಾರಿಟ್'ನಲ್ಲಿ ಕೆಲಸ ಆಗದಂತೆ ನೋಡಿಕೊಳ್ಳುವುದನ್ನೇ ವಿದ್ಯೆಯಾಗಿಸಿಕೊಂಡ ಕಚೇರಿಯನ್ನು ಕಡೆದಿಟ್ಟ. ಆ ವಿಡಂಬನೆ ಸುಳ್ಳಲ್ಲ. ಕಡತ ಕಾಣೆಯಾಗುವುದು, ಮೇಜಿನ ಕೆಳಗೆ ಕೈ ಚಾಚುವುದು, 'ನಾಳೆ ಬನ್ನಿ' ಎಂಬ ಉತ್ತರ ಇವೆಲ್ಲ ನಮ್ಮ ಜನ ಉಂಡ ಕಹಿ. ಗುಮಾಸ್ತನ ವಿವೇಚನೆಯೇ ಲಂಚದ ಬೇರು, ಅದನ್ನು ಕಿತ್ತು ಯಂತ್ರಕ್ಕೆ ಕೊಡಿ ಎನ್ನುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ವಿವೇಚನೆ ಕೆಡುವುದು ಅದು ಕಾಣದಂತೆ ನಡೆದಾಗ. 'ಅಪಾತ್ರ' ಎಂಬ ಒಂದೇ ಪದದ ಷರಾ ಬರೆದು ಕೈ ತೊಳೆದುಕೊಳ್ಳುವವನಿಗೂ, ಇಂಥ ಕಾಗದದ ಇಂಥ ಹೆಸರು ಇಂಥ ಕಾರಣಕ್ಕೆ ಒಪ್ಪತಕ್ಕದ್ದೆಂದು ಬರೆದು ಸಹಿ ಹಾಕುವವನಿಗೂ ಇರುವ ಅಂತರ ಅಪಾರ. ಎರಡನೆಯವನ ಬರವಣಿಗೆಯನ್ನು ಯಾರೂ ಪ್ರಶ್ನಿಸಬಹುದು. ಅದೇ ಅದರ ಪ್ರಾಮಾಣಿಕತೆಗೆ ಕಾವಲು.

ಆದ್ದರಿಂದ ಬೇಡಿಕೆಗಳು ಸರಳವಾಗಿವೆ. ಅರ್ಹತೆ ನಿರ್ಣಯಿಸುವ ಮೇಜು ಖಾಯಂ ನೌಕರರದಾಗಿರಲಿ. ಟಂಕಿಸುವ, ಸ್ಕ್ಯಾನ್ ಮಾಡುವ ಕೆಲಸ ಬೇಕಾದರೆ ಯಾರದೂ ಆಗಲಿ. ಹೆಸರಿನ ವ್ಯತ್ಯಾಸದ ಕಾರಣಕ್ಕೆ ಅರ್ಜಿಯನ್ನು ತಿರಸ್ಕರಿಸುವ ಮೊದಲು ಆ ಭಾಷೆ ಬಲ್ಲವರೊಬ್ಬರ ಅಭಿಪ್ರಾಯ ಕಡತದಲ್ಲಿರಲಿ. ಕನ್ನಡ, ತೆಲುಗು, ತಮಿಳು, ಉರ್ದು ಬಲ್ಲವರು ಈ ನಗರದಲ್ಲಿ ಅಪರೂಪವೇ? ತಿರಸ್ಕಾರದ ಕಾರಣ ಅರ್ಜಿದಾರನಿಗೆ ಲಿಖಿತವಾಗಿ ತಲುಪಲಿ. ಇದು ಹೊಸ ಔದಾರ್ಯವೇನೂ ಅಲ್ಲ. ಆಡಳಿತದ ನಿರ್ಣಯದಿಂದ ಬಾಧಿತರಾದವರಿಗೆ ಕಾರಣ ತಿಳಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೆಯ ಕಲಮೇ ಹೇಳುತ್ತದೆ.

ನಮ್ಮ ಸಂಘಗಳಿಗೂ ಇಲ್ಲೊಂದು ಕೆಲಸವಿದೆ. ಮುಂಬಯಿ ಕನ್ನಡಿಗರು ರಾತ್ರಿಶಾಲೆ ನಡೆಸಿದವರು, ಹೋಟೆಲ್ ಹುಡುಗರಿಗೆ ಅಕ್ಷರ ಕಲಿಸಿದವರು. ಇಂದು ಅದೇ ಸಭಾಗೃಹಗಳಲ್ಲಿ ತಿಂಗಳಿಗೊಂದು ಭಾನುವಾರ ಕಾಗದ ಓದಿ ಕೊಡುವ ಮೇಜು ಹಾಕಿದರೆ ಅದು ಆ ಪರಂಪರೆಯ ಮುಂದುವರಿಕೆಯೇ ಆದೀತು. ಹೆಸರಿನ ವ್ಯತ್ಯಾಸಕ್ಕೆ ಪ್ರಮಾಣಪತ್ರ, ಬೇಕಾದರೆ ಗೆಜೆಟ್ ಪ್ರಕಟಣೆ, ಮೇಲ್ಮನವಿಯ ಅವಧಿ ಇವನ್ನು ತಿಳಿಸಿ ಹೇಳಲು ವಕೀಲರೇ ಆಗಬೇಕಿಲ್ಲ; ನಿವೃತ್ತ ಗುಮಾಸ್ತರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಊರಿನಿಂದ ಬಂದ ಮಲ್ಲಪ್ಪನ ಮಗ ತನ್ನ ತಂದೆಯ ಮಗನೇ ಎಂದು ಸರಕಾರಕ್ಕೆ ತಿಳಿಸಿಹೇಳುವುದು ಅವರಿಗೆ ಚೆನ್ನಾಗಿ ಗೊತ್ತಿರುವ ಕೆಲಸ.